ಯುದ್ಧ ಕಂಡು ಬಂದವರ ಮನೆ: ಎಷ್ಟು ಹೊಂದಿಕೊಳ್ಳಬೇಕು, ಎಲ್ಲಿ ನಿಲ್ಲಿಸಬೇಕು?

ಹೊಸ್ತಿಲು:
ಪ್ರಶ್ನೆ ಒಂದೇ, ಹತ್ತು ರೂಪದಲ್ಲಿ ಬರುತ್ತಿದೆ. ಯುದ್ಧ ಕಂಡು ಬಂದವರು ಮನೆಯಲ್ಲಿದ್ದಾರೆ, ಪಿಟಿಎಸ್‌ಡಿ (ಭೀಕರ ಘಟನೆಯ ಆಘಾತದಿಂದ ಉಳಿಯುವ ಮಾನಸಿಕ ಕಾಯಿಲೆ) ಅವರನ್ನು ಬಿಟ್ಟಿಲ್ಲ. ಪಾತ್ರೆ ಬಿದ್ದರೆ ಬೆಚ್ಚುತ್ತಾರೆ ಅಂತ ಎಲ್ಲರೂ ತುದಿಗಾಲಲ್ಲಿ ಓಡಾಡುತ್ತಾರೆ. ಜನ ಸೇರುವ ಕಡೆ ಅವರಿಗೆ ಆಗದು ಅಂತ ಮೊದಮೊದಲು ಹೆಂಡತಿಯೊಬ್ಬರೇ ಹೋಗುತ್ತಾರೆ, ವರ್ಷ ಕಳೆಯುವಷ್ಟರಲ್ಲಿ ಅವರೂ ಹೋಗುವುದಿಲ್ಲ. ಸುದ್ದಿ ಚಾನೆಲ್ ಬಂದ್. ಮಕ್ಕಳ ಗೆಳೆಯರು ಮನೆಗೆ ಬರುವುದು ಬಂದ್. ಇದು ಆಸರೆಯೋ, ಕಾಯಿಲೆಗೆ ನೀರೆರೆದಂತೆಯೋ? ಜೊತೆಗೆ ರಾತ್ರಿ ಎಬ್ಬಿಸುವುದು ಹೇಗೆ, ಮಾತ್ರೆ ಯಾವುದು, ಯಾವಾಗ ನಿಜಕ್ಕೂ ಹೆದರಬೇಕು, ಇವೂ ಬೇಕು. ಸ್ವಂತ ಕಥೆ ಬೇಡ, ಏನು ಮಾಡಬೇಕು, ಏಕೆ ಕೆಡುತ್ತದೆ, ಅಷ್ಟನ್ನೇ ಬರೆಯಿರಿ.

ಮೂರನೇ_ಜಾವ:
ರಾತ್ರಿಯಿಂದಲೇ ಶುರು ಮಾಡೋಣ, ಮನೆಯವರಿಗೆ ಪೆಟ್ಟು ಬೀಳುವುದು ಅಲ್ಲೇ.

ಕೆಟ್ಟ ಕನಸಿನಲ್ಲಿ ಒದ್ದಾಡುತ್ತಿರುವವರ ಭುಜ ಹಿಡಿದು ಅಲ್ಲಾಡಿಸಬೇಡಿ, ಮುಖದ ಮೇಲೆ ಬಗ್ಗಬೇಡಿ. ಆ ಗಳಿಗೆಯಲ್ಲಿ ನಿಮ್ಮ ಕೈ ನಿಮ್ಮದಾಗಿರುವುದಿಲ್ಲ, ಕನಸಿನೊಳಗಿನ ಯಾರದೋ ಕೈಯಾಗಿರುತ್ತದೆ. ಮಂಚದ ಕಾಲ ಕಡೆ, ತೋಳು ಚಾಚಿದರೂ ಎಟುಕದಷ್ಟು ದೂರದಲ್ಲಿ ನಿಲ್ಲಿ. ಬಾಗಿಲಿಗೆ ಅಡ್ಡವಾಗಿ ಮಾತ್ರ ನಿಲ್ಲಬೇಡಿ. ಮೊದಲು ಮಂದ ದೀಪ. ಆಮೇಲೆ ಹೆಸರು, ಮಾಮೂಲು ದನಿಯಲ್ಲಿ, ಕೂಗದೆ, ಪಿಸುಗುಟ್ಟದೆ. ನಿಮ್ಮ ಹೆಸರು ಹೇಳಿ, ನಂತರ "ನೀವು ಮನೇಲಿದೀರಿ, ಈಗ ರಾತ್ರಿ ಎರಡು ಗಂಟೆ" ಅನ್ನಿ. ಉತ್ತರ ಬರುವ ತನಕ ಇದನ್ನೇ ಹೇಳುತ್ತಿರಿ. ಕಣ್ಣು ಬಿಟ್ಟ ಮಾತ್ರಕ್ಕೆ ಎಚ್ಚರವಾಯಿತು ಅಂತಲ್ಲ. ಕೇಳಿದ್ದಕ್ಕೆ ನೇರ ಉತ್ತರ ಕೊಟ್ಟ ಮೇಲೆಯೇ ಹತ್ತಿರ ಹೋಗಿ. "ಏನು ಕನಸು ಬಿತ್ತು?" ಅಂತ ಆಗ ಕೇಳುವುದು ಬೇಡ. ಅದನ್ನು ಹೇಳಹೊರಟರೆ ಉಳಿದ ನಿದ್ದೆಯೂ ಹೋಗುತ್ತದೆ.

ಇಷ್ಟನ್ನೂ ಹಗಲಿನಲ್ಲಿ ಕೂತು ಮೊದಲೇ ಒಪ್ಪಿಕೊಂಡಿರಬೇಕು. ಯಾವ ಮಾತು ಕೇಳಿದರೆ ಬೇಗ ಎಚ್ಚರವಾಗುತ್ತದೆ ಅನ್ನುವುದು ಅವರಿಗೇ ಗೊತ್ತಿರುತ್ತದೆ. ಕೆಲವರಿಗೆ ಗಡಿಯಾರದ ಸಮಯ, ಕೆಲವರಿಗೆ ಮಕ್ಕಳ ಹೆಸರು. ನಿದ್ದೆಯಲ್ಲಿ ಕೈ ಬೀಸುವ ರೂಢಿಯಿದ್ದರೆ ಬೇರೆ ಮಂಚ ಹಾಕಿ. ಅದರಿಂದ ಸಂಸಾರ ಮುರಿದುಹೋಗುವುದಿಲ್ಲ, ಮುರಿಯುವುದು ಬರೀ ಮೂಗು. ಆದರೆ ಎಂದಿಗೂ ಬೇರೆಯೇ ಅಂತ ಬೇಡ, ಚಿಕಿತ್ಸೆಯಲ್ಲಿ ಮುಂದುವರಿದ ಹಾಗೆ ಮತ್ತೆ ಮಾತಾಡುತ್ತೇವೆ ಅಂತ ಇಟ್ಟುಕೊಳ್ಳಿ.

ಏಳುವ ಸಮಯ ಮಾತ್ರ ದಿನಾ ಒಂದೇ ಇರಲಿ. ಕೆಟ್ಟ ರಾತ್ರಿ ಕಳೆಯಿತು ಅಂತ ಬೆಳಿಗ್ಗೆ ಹನ್ನೊಂದರವರೆಗೆ ಮಲಗಲು ಬಿಟ್ಟರೆ ಮುಂದಿನ ರಾತ್ರಿಯೂ ಕೆಟ್ಟಿತು. ಇಪ್ಪತ್ತು ನಿಮಿಷ ನಿದ್ದೆ ಬಾರದಿದ್ದರೆ ಎದ್ದು ಬೇರೆ ಕೋಣೆಯಲ್ಲಿ ಕೂರುವುದು, ಕಣ್ಣು ಎಳೆದಾಗ ವಾಪಸ್ ಬರುವುದು. ಹಾಸಿಗೆ ಇರುವುದು ಕಾವಲು ಕಾಯಲಿಕ್ಕಲ್ಲ.

ಹೊಸ್ತಿಲು:
ಒಂದೇ ಕನಸು ಮತ್ತೆ ಮತ್ತೆ ಬರುತ್ತಿದ್ದರೆ?

ಮೂರನೇ_ಜಾವ:
ಅದಕ್ಕೊಂದು ಅಭ್ಯಾಸವಿದೆ, ಇಮೇಜರಿ ರಿಹರ್ಸಲ್ ಅನ್ನುತ್ತಾರೆ. ಹಗಲು ಹೊತ್ತಿನಲ್ಲಿ ಕನಸನ್ನು ಬರೆಯುವುದು, ಅದರ ಒಂದು ಭಾಗವನ್ನು ಬೇಕಾದ ಹಾಗೆ ಬದಲಿಸುವುದು, ಬದಲಾದ ಕನಸನ್ನು ದಿನಾ 10ರಿಂದ 20 ನಿಮಿಷ ಕಣ್ಣು ಮುಚ್ಚಿ ಮನಸ್ಸಿನಲ್ಲಿ ಓಡಿಸುವುದು. ತಪ್ಪಾಗುವುದು ಆಯ್ಕೆಯಲ್ಲಿ. ಎಲ್ಲಕ್ಕಿಂತ ಭೀಕರವಾದದ್ದನ್ನೇ ಮೊದಲು ಹಿಡಿಯುತ್ತಾರೆ, ಮೂರನೇ ದಿನಕ್ಕೆ ಕೈಬಿಡುತ್ತಾರೆ. ಸ್ವಲ್ಪ ಸೌಮ್ಯವಾದ ಕನಸಿನಿಂದ ಶುರು ಮಾಡಬೇಕು. ಬದಲಾವಣೆಯೂ ಸಿನಿಮಾ ಕ್ಲೈಮ್ಯಾಕ್ಸ್ ಆಗಬೇಕಿಲ್ಲ. ಬಾಗಿಲು ಬೇರೆ ಕಡೆ ತೆರೆದುಕೊಂಡರೂ ಸಾಕು.

ಒಂದೊಂದೇ_ಮೆಟ್ಟಿಲು:
ಮೂಲ ಪ್ರಶ್ನೆಗೆ ಬರುತ್ತೇನೆ, ಏಕೆಂದರೆ ಈ ಚರ್ಚೆಯಲ್ಲಿ ಮುಖ್ಯವಾದದ್ದು ಅದೇ.

ಪಿಟಿಎಸ್‌ಡಿಯನ್ನು ಜೀವಂತವಾಗಿಡುವುದು ನೆನಪಲ್ಲ, ನೆನಪಿನಿಂದ ತಪ್ಪಿಸಿಕೊಳ್ಳುವ ಓಟ. ಅಂಗಡಿಗೆ ಹೋದರೆ ಎದೆ ಹೊಡೆದುಕೊಳ್ಳುತ್ತದೆ, ವಾಪಸ್ ಬಂದರೆ ನಿಲ್ಲುತ್ತದೆ. ಮಿದುಳು ಕಲಿಯುವ ಪಾಠ: "ಅಂಗಡಿ ಅಪಾಯ, ಓಡಿ ಬಂದದ್ದಕ್ಕೆ ಉಳಿದೆ." ಮುಂದಿನ ಸಲ ಗೇಟಿನಲ್ಲೇ ಎದೆ ಹೊಡೆದುಕೊಳ್ಳುತ್ತದೆ. ಮನೆಯವರು ಪ್ರೀತಿಯಿಂದಲೇ "ನೀವು ಇರಿ, ನಾನೇ ತರುತ್ತೇನೆ" ಅಂದಾಗ ಆ ಪಾಠಕ್ಕೆ ಸಹಿ ಹಾಕಿದ ಹಾಗಾಯಿತು. ಹೊಸ್ತಿಲು ಅವರು ಕೇಳಿದಿರಲ್ಲ, ಹೌದು, ನೀರೆರೆದ ಹಾಗೇ. ಅಂದಮಾತ್ರಕ್ಕೆ ಮನೆಯವರ ತಪ್ಪು ಅಂತಲ್ಲ. ಆ ಹೊತ್ತಿನ ಜಗಳ ತಪ್ಪಿಸಲು ಅದೊಂದೇ ದಾರಿ ಕಂಡಿರುತ್ತದೆ.

ಬಿಡಿಸಿಕೊಳ್ಳುವುದು ಹೀಗೆ. ಒಂದು ವಾರ, ಅವರಿಗೋಸ್ಕರ ನೀವು ಬಿಟ್ಟದ್ದು, ಬದಲಿಸಿದ್ದು, ಅವರ ಬದಲು ಮಾಡಿದ್ದು ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆಯಿರಿ. ಫೋನ್ ನೀವೇ ಎತ್ತಿದ್ದು, ಟಿವಿ ದನಿ ತಗ್ಗಿಸಿದ್ದು, ನೆಂಟರಿಗೆ ಸುಳ್ಳು ಹೇಳಿದ್ದು. ಇಪ್ಪತ್ತು ಮೂವತ್ತು ಸಾಲಾದರೆ ಬೆಚ್ಚಬೇಡಿ. ಆಮೇಲೆ ಇಬ್ಬರೂ ಕೂತು ಪ್ರತಿಯೊಂದಕ್ಕೂ 0ರಿಂದ 100ರೊಳಗೆ ಅಂಕ ಹಾಕಿ: ಇದನ್ನು ನಿಲ್ಲಿಸಿದರೆ ಅವರಿಗೆ ಎಷ್ಟು ಕಷ್ಟ? 30-40 ಬಂದದ್ದರಲ್ಲಿ ಒಂದನ್ನು ಆರಿಸಿ. ಒಂದೇ ಒಂದು. ಇಂಥ ದಿನದಿಂದ ಇದನ್ನು ನಾನು ಮಾಡುವುದಿಲ್ಲ ಅಂತ ಮೊದಲೇ ತಿಳಿಸಿ. ಹೇಳದೆ ಕೇಳದೆ ದಿಢೀರನೆ ನಿಲ್ಲಿಸಿದರೆ ಅದು ಚಿಕಿತ್ಸೆಯಲ್ಲ, ಶಿಕ್ಷೆ.

ಒಂದು ಉದಾಹರಣೆ ಹತ್ತಿರದಿಂದ ನೋಡಿ. ಅಂಗಡಿಗೆ ಜನ ಕಡಿಮೆ ಇರುವ ಹೊತ್ತಿನಲ್ಲಿ ಹೋಗುತ್ತೀರಿ. ಒಳಗೆ ಕಾಲಿಟ್ಟಾಗ ಗಾಬರಿಯ ಅಂಕ 60. ಹತ್ತನೇ ನಿಮಿಷಕ್ಕೆ 75, ಬೆನ್ನು ಗೋಡೆಗೆ ತಾಗಿಸಿ ಬಾಗಿಲನ್ನೇ ನೋಡುತ್ತಿರುತ್ತಾರೆ. ಬಹಳ ಜನ ವಾಪಸ್ ಬರುವುದು ಇಲ್ಲೇ, ಅಂದರೆ ಅತಿ ಕೆಟ್ಟ ಕ್ಷಣದಲ್ಲಿ. ಹಾಗೆ ಬಂದರೆ ಹೋಗಿದ್ದೇ ನಷ್ಟ. 30ರಿಂದ 45 ನಿಮಿಷ, ಅಥವಾ ಅಂಕ ಅರ್ಧಕ್ಕೆ ಇಳಿಯುವವರೆಗೆ ಉಳಿಯಬೇಕು. ಇಳಿಯುತ್ತದೆ, ಮೈಗೆ ಆ ಮಟ್ಟದ ಗಾಬರಿಯನ್ನು ಬಹಳ ಹೊತ್ತು ಹಿಡಿದಿಡಲು ಆಗುವುದಿಲ್ಲ. ಅದೇ ಅಂಗಡಿಗೆ ವಾರದಲ್ಲಿ ಮೂರ್ನಾಲ್ಕು ಸಲ ಹೋಗಬೇಕು. ಗೋಡೆಗೆ ಬೆನ್ನು ಕೊಡುವುದು, ಬಾಗಿಲ ಮೇಲೆ ಕಣ್ಣಿಡುವುದು, ಇವನ್ನೂ ಬರಬರುತ್ತಾ ಬಿಡಬೇಕು. ಇಲ್ಲವಾದರೆ ಗೋಡೆಯಿಂದ ಬದುಕಿದೆ ಅಂತ ಮಿದುಳು ಕಲಿಯುತ್ತದೆ.

ಪಕ್ಕದ_ಕುರ್ಚಿ:
ಮೆಟ್ಟಿಲು ಅವರೇ, ಇದಕ್ಕೊಂದು ಆಕ್ಷೇಪ. ಇದನ್ನು ಓದಿ ನಾಳೆ ಬೆಳಿಗ್ಗೆಯೇ ಗಂಡನನ್ನು ಸಂತೆಗೆ ಎಳೆದುಕೊಂಡು ಹೋಗುವವರಿದ್ದಾರೆ. ಹೆಂಡತಿ ಥೆರಪಿಸ್ಟ್ ಆಗಬಾರದು. ಹಾಗೇನಾದರೂ ಆದರೆ ಮನೆಗೆ ಇಬ್ಬರು ಅಧಿಕಾರಿಗಳಾಗುತ್ತಾರೆ, ಸಂಗಾತಿ ಒಬ್ಬರೂ ಉಳಿಯುವುದಿಲ್ಲ.

ಒಂದೊಂದೇ_ಮೆಟ್ಟಿಲು:
ಒಪ್ಪಿದೆ. ಹಾಳೆ ಬರೆಯುವುದು, ಅಂಕ ಹಾಕುವುದು, ಕೆಳಗಿನ ಮೆಟ್ಟಿಲಿನ ಹೊಂದಾಣಿಕೆಗಳನ್ನು ಬಿಡುವುದು ಮನೆಯಲ್ಲಿ ಆಗುವ ಕೆಲಸ. 50ರ ಮೇಲಿನದ್ದು (ಮೇಲಿನ ಅಂಗಡಿಯ ಉದಾಹರಣೆಯೂ ಸೇರಿ), ಯುದ್ಧದ ನೆನಪನ್ನೇ ಮುಟ್ಟುವಂಥದ್ದು ಚಿಕಿತ್ಸಕರ ಜೊತೆಗೇ. ದಂಪತಿ ಇಬ್ಬರನ್ನೂ ಕೂರಿಸಿ ಮಾಡುವ ಚಿಕಿತ್ಸೆಯೂ ಇದೆ, ಮನೋವಿಜ್ಞಾನಿ ಕ್ಯಾಂಡಿಸ್ ಮಾನ್ಸನ್ ಮತ್ತು ಜೊತೆಗಾರರು ರೂಪಿಸಿದ 15 ಸೆಷನ್‌ಗಳದ್ದು. ಅದರಲ್ಲಿ ಈ ಹೊಂದಾಣಿಕೆಗಳನ್ನು ಬಿಡಿಸುವುದೇ ದೊಡ್ಡ ಭಾಗ.

ಹೊಸ್ತಿಲು:
"ಎಲ್ಲಾ ಹೇಳಿಬಿಟ್ಟರೆ ಹಗುರಾಗುತ್ತೆ" ಅಂತ ಮನೆಯವರು ಕೂರಿಸಿ ಕೇಳುವುದು ಸರಿಯೇ?

ಪಕ್ಕದ_ಕುರ್ಚಿ:
ಬೇಡ. ಘಟನೆಯಾದ ಕೂಡಲೇ ಎಲ್ಲರನ್ನೂ ಒಂದೇ ಸಲ ಕೂರಿಸಿ ಹೇಳಿಸುವ ಪದ್ಧತಿ, ಡಿಬ್ರೀಫಿಂಗ್ ಅನ್ನುತ್ತಿದ್ದರಲ್ಲ, ಪಿಟಿಎಸ್‌ಡಿ ತಡೆಯುವುದಿಲ್ಲ ಅಂತ ಈಗ ಕೈಬಿಟ್ಟಿದ್ದಾರೆ. ಥೆರಪಿಯಲ್ಲೂ ಹೇಳಿಸುತ್ತಾರಲ್ಲ ಅಂದರೆ, ಅಲ್ಲಿ ಕ್ರಮವಿದೆ, ಅದೇ ನೆನಪಿಗೆ ಮತ್ತೆ ಮತ್ತೆ ಹೋಗುತ್ತಾರೆ, ಮೇಲೆ ಬಂದದ್ದನ್ನು ಅಲ್ಲೇ ಸಂಭಾಳಿಸುತ್ತಾರೆ. ಅಡುಗೆಮನೆಯಲ್ಲಿ ಅದಾಗುವುದಿಲ್ಲ. ಅವರಾಗಿ ಹೇಳಿದರೆ ಕೇಳಿ, ವಿವರ ಕೆದಕಬೇಡಿ. "ಆಮೇಲೆ ಏನಾಯ್ತು?" ಅನ್ನುವುದಕ್ಕಿಂತ "ಇದು ಇವತ್ತು ಯಾಕೆ ನೆನಪಾಯ್ತು?" ಅನ್ನುವುದು ಮೇಲು.

ಇನ್ನೊಂದು ಮಾತಿದೆ: "ನಿಮ್ಮ ತಪ್ಪೇನೂ ಇಲ್ಲ." ಹೇಳಲು ಬಾಯಿ ತುರಿಸುತ್ತದೆ, ತಡೆದುಕೊಳ್ಳಿ. ಎಲ್ಲರ ಗಾಯವೂ ಹೆದರಿಕೆಯದ್ದಲ್ಲ. ಮಾಡಿದ್ದಕ್ಕೆ, ಮಾಡಲಾಗದ್ದಕ್ಕೆ, ಮೇಲಿನವರು ಕೈಬಿಟ್ಟದ್ದಕ್ಕೆ ಆದ ಗಾಯ ಬೇರೆ ಥರದ್ದು. ಅದನ್ನು ನೈತಿಕ ಗಾಯ ಅನ್ನುತ್ತಾರೆ. ವಿಯೆಟ್ನಾಂ ಯುದ್ಧದಿಂದ ಬಂದವರಿಗೆ ಚಿಕಿತ್ಸೆ ನೀಡಿದ ಮನೋವೈದ್ಯ ಜೊನಾಥನ್ ಶೇ 1990ರ ದಶಕದಲ್ಲಿ ಈ ಮಾತನ್ನು ಬಳಕೆಗೆ ತಂದರು. ಅಂಥವರಿಗೆ ಈ ಸಮಾಧಾನ "ನಿನ್ನ ಮಾತು ನನಗೆ ಕೇಳಬೇಕಿಲ್ಲ" ಅಂದ ಹಾಗೆ ಕೇಳಿಸುತ್ತದೆ. "ಅದನ್ನು ಹೊತ್ತುಕೊಂಡೇ ಓಡಾಡ್ತಿದೀರಲ್ಲ" ಅಂದರೆ ಸಾಕು.

ಒಂದೊಂದೇ_ಮೆಟ್ಟಿಲು:
ಹಾಗಾದರೆ ಚಿಕಿತ್ಸೆ ಅಂದರೇನು ಅಂತ ಒಂದಿಷ್ಟು. "ಕೌನ್ಸೆಲಿಂಗ್ ಆಯ್ತು, ಪ್ರಯೋಜನ ಆಗಲಿಲ್ಲ" ಅನ್ನುವವರಲ್ಲಿ ಅನೇಕರಿಗೆ ಸಿಕ್ಕಿರುವುದು ಬರೀ ಮಾತುಕತೆ.

ಪುರಾವೆ ಗಟ್ಟಿಯಾಗಿರುವುದು ಮೂರಕ್ಕೆ. ಪ್ರೊಲಾಂಗ್ಡ್ ಎಕ್ಸ್‌ಪೋಷರ್: 8ರಿಂದ 15 ಸೆಷನ್, ಒಂದೊಂದೂ ಸುಮಾರು 90 ನಿಮಿಷ. ಘಟನೆಯನ್ನು ವರ್ತಮಾನ ಕಾಲದಲ್ಲಿ ಹೇಳುತ್ತಾರೆ, ಅದನ್ನು ರೆಕಾರ್ಡ್ ಮಾಡಿ ಮನೆಯಲ್ಲಿ ದಿನಾ ಕೇಳುತ್ತಾರೆ. ಕಾಗ್ನಿಟಿವ್ ಪ್ರೊಸೆಸಿಂಗ್ ಥೆರಪಿ: 12 ಸೆಷನ್, ಹಾಳೆ ತುಂಬಾ ಬರವಣಿಗೆ. "ನಾನು ಇನ್ನೊಂದು ನಿಮಿಷ ಮೊದಲೇ ಹೇಳಿದ್ದರೆ ಅವನು ಉಳಿಯುತ್ತಿದ್ದ" ಎಂಬಂಥ ಸಿಕ್ಕಿಬಿದ್ದ ಯೋಚನೆಗಳನ್ನು ಒಂದೊಂದಾಗಿ ಎತ್ತಿ ಪರೀಕ್ಷಿಸುತ್ತಾರೆ. ಮೂರನೆಯದು ಇಎಂಡಿಆರ್ (ಕಣ್ಣನ್ನು ಎಡಬಲ ಆಡಿಸುತ್ತಾ ನೆನಪನ್ನು ಎದುರಿಸುವುದು), ಮನೋವಿಜ್ಞಾನಿ ಫ್ರಾನ್ಸೀನ್ ಶಪೀರೊ 1980ರ ದಶಕದ ಕೊನೆಗೆ ಶುರು ಮಾಡಿದ್ದು. ಮೊದಲ ಭೇಟಿಯಲ್ಲೇ ಕೇಳಿ: ಇವುಗಳಲ್ಲಿ ಯಾವುದು ಮಾಡುತ್ತೀರಿ, ಎಷ್ಟು ಸೆಷನ್, ಮನೆಗೆಲಸ ಏನು, ಸುಧಾರಣೆ ಅಳೆಯುವುದು ಹೇಗೆ? ಉತ್ತರ ತೇಲಿಸಿದರೆ ಬೇರೆಯವರನ್ನು ಹುಡುಕಿ.

ಅಳೆಯಲು ಪಿಸಿಎಲ್-5 ಎಂಬ ಪ್ರಶ್ನಾವಳಿಯಿದೆ. 20 ಪ್ರಶ್ನೆ, ಒಂದೊಂದಕ್ಕೂ 0ರಿಂದ 4, ಒಟ್ಟು 80. 31-33ರ ಮೇಲೆ ಬಂದರೆ ಪಿಟಿಎಸ್‌ಡಿ ಇರುವ ಸಂಭವವಿದೆ, ರೋಗ ನಿರ್ಣಯ ಮಾತ್ರ ಸಂದರ್ಶನದಿಂದಲೇ. ಹತ್ತು ಹದಿನೈದು ಅಂಕ ಇಳಿದರೆ ಅದು ನಿಜವಾದ ಇಳಿಕೆ. ಎರಡು ಮೂರು ಅಂಕದ ಏರಿಳಿತಕ್ಕೆ ಖುಷಿಯೂ ಬೇಡ, ಅಳುವೂ ಬೇಡ.

ಗುಳಿಗೆ_ಲೆಕ್ಕ:
ಮಾತ್ರೆಯ ವಿಷಯ. ಸರ್ಟ್ರಾಲಿನ್, ಪ್ಯಾರಾಕ್ಸಿಟಿನ್, ವೆನ್ಲಾಫ್ಯಾಕ್ಸಿನ್, ಈ ಮೂರಕ್ಕೆ ಆಧಾರವಿದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಪಿಟಿಎಸ್‌ಡಿಗೆ ಅಂತಲೇ ಒಪ್ಪಿಗೆ ಕೊಟ್ಟಿರುವುದು ಮೊದಲೆರಡಕ್ಕೆ ಮಾತ್ರ. ಸರ್ಟ್ರಾಲಿನ್ ಸಾಮಾನ್ಯವಾಗಿ 25 ಮಿಲಿಗ್ರಾಂನಿಂದ ಶುರು, ವಾರದ ನಂತರ 50, ಅಲ್ಲಿಂದ ವೈದ್ಯರು ನೋಡಿಕೊಂಡು 200ರವರೆಗೆ ಏರಿಸುತ್ತಾರೆ. ಫಲ ಕಾಣಲು 4ರಿಂದ 6 ವಾರ, ಕೆಲವರಿಗೆ ಇನ್ನೂ ಹೆಚ್ಚು. ಹೊಟ್ಟೆ ತೊಳಸುವುದು, ಚಡಪಡಿಕೆ ಮೊದಲ ವಾರವೇ ಬರುತ್ತವೆ. ಉಪಕಾರ ತಡವಾಗಿ, ಉಪದ್ರವ ಮೊದಲೇ. ಬಹಳ ಜನ ಎರಡನೇ ವಾರದಲ್ಲಿ ಬಿಡುವುದು ಇದಕ್ಕೇ. ಪ್ಯಾರಾಕ್ಸಿಟಿನ್, ವೆನ್ಲಾಫ್ಯಾಕ್ಸಿನ್ ದಿಢೀರ್ ನಿಲ್ಲಿಸಿದರೆ ತಲೆಸುತ್ತು, ತಲೆಯೊಳಗೆ ಕರೆಂಟ್ ಹೊಡೆದಂಥ ಅನುಭವ. ಅದನ್ನು ಕಾಯಿಲೆ ಮರಳಿತು ಅಂತ ತಿಳಿಯುತ್ತಾರೆ.

ನಿದ್ದೆಗೆ ಅಂತ ಆಲ್‌ಪ್ರಜೋಲಾಮ್, ಕ್ಲೊನಜೆಪಾಮ್ ಕೇಳಬೇಡಿ. ಆ ಗುಂಪಿನ ಮಾತ್ರೆ ಪಿಟಿಎಸ್‌ಡಿಗೆ ಬೇಡ ಅಂತಲೇ ಮಾರ್ಗಸೂಚಿ ಹೇಳುತ್ತದೆ. ಚಟವಾಗುತ್ತದೆ, ಎಕ್ಸ್‌ಪೋಷರ್‌ನಿಂದ (ಹೆದರಿದ್ದನ್ನು ಎದುರಿಸುವುದರಿಂದ) ಕಲಿಯಬೇಕಾದದ್ದನ್ನು ಮಂಕು ಮಾಡುತ್ತದೆ, ಮದ್ಯದ ಜೊತೆ ಸೇರಿದರೆ ಉಸಿರೇ ನಿಲ್ಲಬಹುದು. ಈಗಾಗಲೇ ತಿಂಗಳುಗಟ್ಟಲೆ ತೆಗೆದುಕೊಳ್ಳುತ್ತಿದ್ದರೆ ತಾವಾಗಿ ನಿಲ್ಲಿಸಬಾರದು, ಫಿಟ್ಸ್ ಬರಬಹುದು. ವೈದ್ಯರೇ ಹಂತಹಂತವಾಗಿ ಇಳಿಸಬೇಕು.

ಕೆಟ್ಟ ಕನಸಿಗೆ ಪ್ರಾಜೋಸಿನ್ (ಮೂಲತಃ ಬಿಪಿ ಮಾತ್ರೆ) ಒಳ್ಳೆಯದು.

ಮೂರನೇ_ಜಾವ:
ಕೊನೆಯ ಸಾಲಿಗೆ ಒಂದು ತಿದ್ದುಪಡಿ. 2018ರಲ್ಲಿ ಬಂದ ದೊಡ್ಡ ಪ್ರಯೋಗದಲ್ಲಿ, 304 ಮಾಜಿ ಸೈನಿಕರ ಮೇಲೆ ಮಾಡಿದ್ದು, ಪ್ರಾಜೋಸಿನ್ ಔಷಧವೇ ಇಲ್ಲದ ಹುಸಿ ಮಾತ್ರೆಗಿಂತ ಮೇಲಾಗಲಿಲ್ಲ.

ಗುಳಿಗೆ_ಲೆಕ್ಕ:
ಸರಿ, "ಒಳ್ಳೆಯದು" ಅಂದದ್ದು ಹೆಚ್ಚಾಯಿತು. ಅದಕ್ಕೂ ಮೊದಲಿನ ಸಣ್ಣ ಪ್ರಯೋಗಗಳು ಇದರ ಪರವಾಗಿದ್ದವು. ಅಮೆರಿಕದ ಮಾಜಿ ಸೈನಿಕರ ಇಲಾಖೆಯ 2023ರ ಮಾರ್ಗಸೂಚಿ ಕೆಟ್ಟ ಕನಸಿಗೆ ಮಾತ್ರ, ಅದೂ ದುರ್ಬಲ ಶಿಫಾರಸಾಗಿ, ಉಳಿಸಿಕೊಂಡಿದೆ. ಕೊಟ್ಟರೆ 1 ಮಿಲಿಗ್ರಾಂನಿಂದ, ಮಲಗುವ ಮುಂಚೆ. ಮೊದಲ ರಾತ್ರಿ ಎದ್ದು ನಿಂತ ಕೂಡಲೇ ಕಣ್ಣು ಕತ್ತಲೆ ಬಂದು ಬೀಳುವುದುಂಟು, ಹಾಸಿಗೆಯ ಅಂಚಿನಲ್ಲಿ ಒಂದು ನಿಮಿಷ ಕೂತು ಏಳಬೇಕು. ಕೆಲವು ದಿನ ತಪ್ಪಿದರೆ ಹಳೆಯ ಡೋಸ್‌ಗೆ ನೇರ ಹೋಗದೆ ವೈದ್ಯರನ್ನು ಕೇಳಿ. ಸಿಲ್ಡೆನಾಫಿಲ್ (ವಯಾಗ್ರ) ಥರದ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ನಾಚಿಕೆ ಬಿಟ್ಟು ಹೇಳಿ, ಎರಡೂ ಸೇರಿ ಬಿಪಿ ಕುಸಿಯುತ್ತದೆ.

ಮದ್ಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಕುಡಿದರೆ ನಿದ್ದೆ ಬೇಗ ಬರುತ್ತದೆ ಅನ್ನುವುದು ನಿಜ. ಆದರೆ ರಾತ್ರಿಯ ಮೊದಲರ್ಧದಲ್ಲಿ ಅದು ಅದುಮಿಟ್ಟ ಕನಸಿನ ನಿದ್ದೆ ಎರಡನೇ ಅರ್ಧದಲ್ಲಿ ಬಡ್ಡಿ ಸಮೇತ ಬರುತ್ತದೆ. ನಸುಕಿನ ಮೂರು ನಾಲ್ಕು ಗಂಟೆಯ ಕನಸುಗಳ ಹಿಂದೆ ಎಷ್ಟೋ ಸಲ ಇದೇ ಇರುತ್ತದೆ. ಹಾಗಂತ ದಿನಾ ಗಟ್ಟಿಯಾಗಿ ಕುಡಿಯುವವರ ಬಾಟಲಿ ಬಚ್ಚಿಟ್ಟು ಒಂದೇ ದಿನದಲ್ಲಿ ಬಿಡಿಸಬೇಡಿ. ಕೊನೆಯ ಗುಟುಕಿನ ನಂತರ 6ರಿಂದ 48 ಗಂಟೆಯೊಳಗೆ ಫಿಟ್ಸ್, 2ರಿಂದ 4 ದಿನದೊಳಗೆ ಭ್ರಮೆ, ಜ್ವರ, ವಿಪರೀತ ನಡುಕ. ಅದರಲ್ಲಿ ಸಾಯುವವರಿದ್ದಾರೆ. ಆಸ್ಪತ್ರೆಯಲ್ಲೇ ಬಿಡಿಸಬೇಕು.

ಕಡತ_ಕೋಣೆ:
ಎಲ್ಲವನ್ನೂ ಮನಸ್ಸಿನ ಲೆಕ್ಕಕ್ಕೆ ಹಾಕುವ ಮೊದಲು ಮೂರು ತಪಾಸಣೆ ಆಗಲಿ. ಸ್ಫೋಟದ ಹತ್ತಿರ ಇದ್ದವರಿಗೆ ತಲೆಗೆ ಹೊರಗಾಯವಿಲ್ಲದೆಯೂ ಮಿದುಳಿಗೆ ಪೆಟ್ಟಾಗಿರಬಹುದು. ಮರೆವು, ಸಿಡುಕು ಮಿದುಳಿನ ಪೆಟ್ಟಿನಲ್ಲೂ ಪಿಟಿಎಸ್‌ಡಿಯಲ್ಲೂ ಒಂದೇ ಥರ. ಎರಡನೆಯದು ಕಿವಿ. ಗದ್ದಲದಲ್ಲಿ ಮಾತು ಕೇಳಿಸದೆ ಎದ್ದು ಹೋಗುವವರನ್ನು "ಜನ ಕಂಡರೆ ಆಗಲ್ಲ" ಅಂದುಬಿಡುತ್ತಾರೆ. ಮೂರನೆಯದು ಗೊರಕೆ ಮತ್ತು ಉಸಿರು ಕಟ್ಟುವ ಸ್ಲೀಪ್ ಆಪ್ನಿಯ. ಅದಿದ್ದರೆ ಬೇರೆ ಏನು ಮಾಡಿದರೂ ನಿದ್ದೆ ಅರೆಬರೆ. ಸಿಪ್ಯಾಪ್ (ಮುಖವಾಡದ ಮೂಲಕ ಗಾಳಿ ಒತ್ತುವ ಯಂತ್ರ) ಮುಖಕ್ಕೆ ಹಾಕಿಕೊಳ್ಳಲು ಉಸಿರುಗಟ್ಟುವ ಭಯವಿದ್ದರೆ ಮೊದಲು ಹಗಲು ಟಿವಿ ನೋಡುತ್ತಾ 15 ನಿಮಿಷ ಹಾಕಿ ರೂಢಿ ಮಾಡಿ.

ಪಿಂಚಣಿ, ಅಂಗವೈಕಲ್ಯದ ಅರ್ಜಿಯ ನಿಯಮ ಆಯಾ ದೇಶದ್ದು. ಎಲ್ಲ ಕಡೆಯೂ ಒಂದೇ ಕಡೆ ಕೆಡುತ್ತದೆ: ವೈದ್ಯಕೀಯ ಮಂಡಳಿ "ಹೇಗಿದ್ದೀರಿ?" ಅಂದಾಗ ಮೈ ನೆಟ್ಟಗೆ ಮಾಡಿ "ಚೆನ್ನಾಗಿದೀನಿ ಸರ್" ಅನ್ನುತ್ತಾರೆ. ಮನೆಯವರು ಎರಡು ತಿಂಗಳ ದಿನಚರಿ ಇಡಿ. ದಿನಾಂಕ, ನಿದ್ದೆಯ ಗಂಟೆ, ಏನಾಯಿತು, ಅದರಿಂದ ಯಾವ ಕೆಲಸ ನಿಂತಿತು. "ಕೋಪ ಜಾಸ್ತಿ" ಅಂದರೆ ತೂಕವಿಲ್ಲ. "ಈ ತಿಂಗಳು ನಾಲ್ಕು ಸಲ ಕೆಲಸದಿಂದ ಅರ್ಧಕ್ಕೆ ಬಂದರು" ಅಂದರೆ ಇದೆ. ಜೊತೆಗೆ ಅದೇ ಘಟಕದಲ್ಲಿದ್ದವರ ಲಿಖಿತ ಹೇಳಿಕೆ, ಸೇವಾ ದಾಖಲೆಯ ಪ್ರತಿ. ಮೂಲ ಪ್ರತಿ ಯಾರ ಕೈಗೂ ಕೊಡಬೇಡಿ.

ಹೊಸ್ತಿಲು:
ಮಕ್ಕಳಿಗೆ ಏನು ಹೇಳುವುದು?

ಪಕ್ಕದ_ಕುರ್ಚಿ:
ಏನೂ ಹೇಳದಿದ್ದರೆ "ನನ್ನಿಂದಲೇ ಅಪ್ಪನಿಗೆ ಸಿಟ್ಟು" ಅಂತ ಅವೇ ಕಾರಣ ಹುಡುಕಿಕೊಳ್ಳುತ್ತವೆ. ಐದಾರು ವರ್ಷದ ಮಗುವಿಗೆ ಮೂರು ವಾಕ್ಯ ಸಾಕು: "ಅಪ್ಪನಿಗೆ ಜೋರು ಸದ್ದಾದರೆ ಗಾಬರಿ ಆಗುತ್ತೆ. ಅದು ನಿನ್ನಿಂದ ಅಲ್ಲ. ಡಾಕ್ಟರ್ ಹತ್ರ ಹೋಗ್ತಿದಾರೆ." ಹದಿಹರೆಯದವರಿಗೆ ಕಾಯಿಲೆಯ ಹೆಸರನ್ನೇ ಹೇಳಿ, ಯುದ್ಧದ ವಿವರ ಬೇಡ. ಗಲಾಟೆ ಮಾಡುವ ಮಗು ಕಣ್ಣಿಗೆ ಬೀಳುತ್ತದೆ. ಮನೆಯ ದೊಡ್ಡವರಂತೆ ಎಲ್ಲ ಸಂಭಾಳಿಸುವ ಹತ್ತು ವರ್ಷದ "ಜಾಣ" ಮಗುವನ್ನು ಯಾರೂ ನೋಡುವುದಿಲ್ಲ. ನೋಡಬೇಕಾದ್ದು ಅದನ್ನೇ.

ಮೂರನೇ_ಜಾವ:
ಹೆದರಬೇಕಾದದ್ದು ಯಾವಾಗ ಅಂತ ಇನ್ನೂ ಯಾರೂ ಹೇಳಿಲ್ಲ. ತಾನಿಲ್ಲದಿದ್ದರೆ ನಿಮಗೇ ಹಗುರ ಅನ್ನುವ ಮಾತು, ವಸ್ತುಗಳನ್ನು ಹಂಚಿಬಿಡುವುದು, ಬಹುಕಾಲದ ಚಡಪಡಿಕೆ ಕಾರಣವಿಲ್ಲದೆ ತಟ್ಟನೆ ಶಾಂತವಾಗುವುದು. ನೇರವಾಗಿ ಕೇಳಿ: "ಸಾಯುವ ಯೋಚನೆ ಬರ್ತಿದೆಯಾ?" ಕೇಳಿದರೆ ಯೋಚನೆ ಹುಟ್ಟುವುದಿಲ್ಲ. ಸುತ್ತಿ ಬಳಸಿ "ಏನೂ ಹಾಗೆಲ್ಲ ಇಲ್ಲ ತಾನೇ?" ಅಂದರೆ "ಇಲ್ಲ" ಅಂತಲೇ ಉತ್ತರ. "ಹೌದು" ಅಂದರೆ ಒಬ್ಬರನ್ನೇ ಬಿಡಬೇಡಿ, ಅಂದೇ ವೈದ್ಯರಿಗೆ ಇಲ್ಲವೇ ನಿಮ್ಮಲ್ಲಿಯ ತುರ್ತು ಸಂಖ್ಯೆಗೆ ಕರೆ ಮಾಡಿ.

ನಿರ್ಧಾರಕ್ಕೂ ಕೃತ್ಯಕ್ಕೂ ನಡುವೆ ಬಹಳ ಜನರಲ್ಲಿ ಒಂದು ಗಂಟೆಯೂ ಇರುವುದಿಲ್ಲ. ಆದ್ದರಿಂದ ಆ ಗಂಟೆಯಲ್ಲಿ ಕೈಗೆ ಏನು ಸಿಗುತ್ತದೆ ಅನ್ನುವುದೇ ಜೀವ ಉಳಿಸುವುದು. ಬಂದೂಕು ಮನೆಯಿಂದ ಹೊರಗೆ, ಕಾನೂನುಬದ್ಧವಾಗಿ ಇಡಬಹುದಾದ ಕಡೆ ಇರಲಿ. ಅದಾಗದಿದ್ದರೆ ಖಾಲಿ ಮಾಡಿ ಬೀಗದೊಳಗೆ, ಗುಂಡುಗಳು ಬೇರೆ ಬೀಗದೊಳಗೆ, ಕೀಲಿ ಅವರ ಕೈಗೆ ಸಿಗದಂತೆ. ಮಾತ್ರೆ ವಾರಕ್ಕೆ ಬೇಕಾದಷ್ಟೇ ಮನೆಯಲ್ಲಿ. ಕಸಿದುಕೊಂಡರೆ ಜಗಳ. ಚೆನ್ನಾಗಿರುವ ದಿನ "ಈ ಆರು ತಿಂಗಳು" ಅಂತ ಅವಧಿ ಹಾಕಿ ಕೇಳಿದರೆ ಒಪ್ಪುವವರು ಹೆಚ್ಚು. ಶಸ್ತ್ರಾಗಾರದ ಶಿಸ್ತು ಅವರಿಗೆ ಹೊಸದಲ್ಲ.

ಒಂದೊಂದೇ_ಮೆಟ್ಟಿಲು:
ಇದರ ಜೊತೆಗೆ ಮನೋವಿಜ್ಞಾನಿಗಳಾದ ಸ್ಟ್ಯಾನ್ಲಿ ಮತ್ತು ಬ್ರೌನ್ ರೂಪಿಸಿದ ಸುರಕ್ಷಾ ಯೋಜನೆ, ಆರು ಹಂತ, ಒಂದೇ ಹಾಳೆ. ನನಗೆ ಕೆಡುತ್ತಿದೆ ಅನ್ನುವ ಸೂಚನೆ, ನಾನೊಬ್ಬನೇ ಮಾಡಬಲ್ಲದ್ದು, ಗಮನ ತಿರುಗಿಸುವ ಜನ ಮತ್ತು ಜಾಗ, ನೆರವು ಕೇಳಬಹುದಾದವರು, ವೃತ್ತಿಪರರ ನಂಬರ್, ಮನೆಯನ್ನು ಸುರಕ್ಷಿತ ಮಾಡುವುದು. ಅವರ ಕೈಬರಹದಲ್ಲೇ, ಅವರ ಮಾತಿನಲ್ಲೇ ಇರಲಿ. "ವ್ಯಾಯಾಮ" ಅಂತ ಬರೆದರೆ ಕೆಲಸಕ್ಕೆ ಬಾರದು. "ಹಿಂದಿನ ಬಾಗಿಲಿಂದ ಹೊರಟು ಕೆರೆ ಏರಿ ತನಕ ನಡೆಯುವುದು" ಅಂತಿರಬೇಕು.

ಹೊಸ್ತಿಲು:
ಕೊನೆಯದೊಂದು. ನಾಲ್ಕನೇ ಸೆಷನ್ ಮುಗಿಸಿ ಬಂದವರು ಮೊದಲಿಗಿಂತ ಕೆಟ್ಟಿದ್ದಾರೆ, ಇನ್ನು ಹೋಗುವುದಿಲ್ಲ ಅನ್ನುತ್ತಿದ್ದಾರೆ. ಬಿಡಿಸುವುದೇ?

ಒಂದೊಂದೇ_ಮೆಟ್ಟಿಲು:
ನೆನಪಿಗೆ ಕೈ ಹಾಕಿದ ಮೊದಲ ವಾರಗಳಲ್ಲಿ ಕೆಲವರಿಗೆ ಕನಸು, ಸಿಡುಕು ಏರುತ್ತವೆ. ಮುಂದುವರಿಸಿದವರಲ್ಲಿ ಸಾಮಾನ್ಯವಾಗಿ ಇಳಿಯುತ್ತವೆ. ಸಾಯುವ ಮಾತು, ಕುಡಿತ ಏರಿದ್ದು, ಕೈ ಮಾಡುವುದು ಇದ್ದರೆ ಆ ದಿನವೇ ಚಿಕಿತ್ಸಕರಿಗೆ ತಿಳಿಸಿ. ಅದಿಲ್ಲದಿದ್ದರೆ "ಬಿಡಿ ಹಾಗಾದ್ರೆ" ಅನ್ನಬೇಡಿ, ಅದೂ ಮೇಲೆ ಹೇಳಿದ ಹೊಂದಾಣಿಕೆಯ ಪಟ್ಟಿಗೇ ಸೇರುತ್ತದೆ. "ಬಿಡುವುದಿದ್ದರೆ ಅವರ ಎದುರಿಗೇ ಹೇಳಿ ಬಿಡಿ, ಇನ್ನೊಂದೇ ಒಂದು ಸಲ" ಅನ್ನಿ. ಸೆಷನ್ ಇರುವ ದಿನ ಸಂಜೆಗೆ ಬೇರೆ ಕೆಲಸ ಇಟ್ಟುಕೊಳ್ಳಬೇಡಿ. ಕರೆದುಕೊಂಡು ಹೋಗಿ, ಹೊರಗೆ ಕೂತಿರಿ. ಬರುವಾಗ ದಾರಿಯಲ್ಲಿ ಏನೂ ಕೇಳಬೇಡಿ.